ಶಿರಾ ಪಟ್ಟಣದ ಪೂರ್ವ ವೈಭವ

ಕೊಡಿಗೇನಹಳ್ಳಿಯ ಕಡೆಯಿಂದ ಹೊರಟು, ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದಿಕ್ಕಿ ಪಶ್ಚಿಮಕ್ಕೆ ಸಾಗುವ ಪ್ರವಾಸಿಯು ಶಿರಾ ಪಟ್ಟಣವನ್ನು ಸೇರುವನು. ಹೆಗಲಿಗೊಂದು ಚೀಲವೂ ಒಂದು ದಿನದ ಬಿಡುವೂ ಇದ್ದರೆ ಈ ಊರಿನ ಪ್ರಾಚೀನ ಸ್ಥಳಗಳನ್ನು ಕಾಲ್ನಡಿಗೆಯಿಂದಲೇ ನೋಡಬಹುದು. ಆದರೆ ನೋಡಿದುದರ ಅರ್ಥವು ತಿಳಿಯಬೇಕಾದರೆ, ಅಲ್ಲಿ ಈಗ ಯಾವುದು ಇಲ್ಲವೆಂಬುದನ್ನೂ ವಿಚಾರಿಸಬೇಕು.

ಮೊದಲು ಕೋಟೆಯನ್ನು ನೋಡುವುದು ಯುಕ್ತ. ರತ್ನಗಿರಿಯ ನಾಯಕನಾದ ರಂಗಪ್ಪ ನಾಯಕನು ಇದನ್ನು ಆರಂಭಿಸಿದನೆಂದು ಪ್ರತೀತಿ. ಕೆಲಸವು ಮುಗಿಯುವ ಮೊದಲೇ, 1638ರ ಸುಮಾರಿನಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾಖಾನನು ಈ ಸೀಮೆಯನ್ನು ಗೆದ್ದನು. ಆ ಸುಲ್ತಾನರ ಪರವಾಗಿ ಇಲ್ಲಿ ಆಳಿದ ಮಲಿಕ್ ರಿಹಾನನ ಸಮಾಧಿಯು ಇಂದಿಗೂ ಊರಿನಲ್ಲಿದೆ.

ಶಿರಾದ ಭಾಗ್ಯವು ತೆರೆದುದು 1687ರಲ್ಲಿ. ದಕ್ಷಿಣಕ್ಕೆ ಬಂದ ಮೊಗಲರು ಆ ವರ್ಷ ವಶಪಡಿಸಿಕೊಂಡ ಬೆಂಗಳೂರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟು, ಶಿರಾವನ್ನು ತಮ್ಮ ಸುಭಾದ ರಾಜಧಾನಿಯನ್ನಾಗಿ ಮಾಡಿಕೊಂಡರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ—ಈ ಏಳು ಪರಗಣೆಗಳು ಇದಕ್ಕೆ ಅಧೀನವಾಗಿದ್ದುವು. ಮೊದಲನೆಯ ಸುಬೇದಾರನು ಕಾಸಿಂಖಾನನು. 1696ರಲ್ಲಿ ಕೆತ್ತಿದ ಕಲ್ಲುಗಳಿಂದ ಕಟ್ಟಿದ ಜುಮ್ಮಾ ಮಸೀದಿಯು ಆ ಕಾಲದ ಸಾಕ್ಷಿಯಾಗಿ ನಿಂತಿದೆ.

1756ರ ವರೆಗೆ ಆಳಿದ ದಿಲಾವರಖಾನನ ಕಾಲದಲ್ಲಿ ಇಲ್ಲಿ 50,000 ಮನೆಗಳಿದ್ದುವೆಂದು ಹೇಳುವರು. ಆತನ ಅರಮನೆಯು ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದೂ ಪ್ರಸಿದ್ಧಿಯಿದೆ. ಮಾದರಿಯಂತೆ ಕಟ್ಟಿದ ಬೆಂಗಳೂರಿನ ಅರಮನೆಯನ್ನು ಜನರು ಇಂದಿಗೂ ನೋಡಿ ಬರುವರು. ಶಿರಾದಲ್ಲಿಯಾದರೋ ಮೂಲವೇ ಉಳಿದಿಲ್ಲ.

ಈ ಐಶ್ವರ್ಯವು ಹೇಗೆ ಕರಗಿತು? 1757ರಲ್ಲಿ ಮರಾಠರೂ 1761ರಲ್ಲಿ ಹೈದರಾಲಿಯೂ 1766ರಲ್ಲಿ ಮತ್ತೆ ಮರಾಠರೂ ಊರನ್ನು ಹಿಡಿದರು. 1774ರಲ್ಲಿ ಟೀಪುವು ಅದನ್ನು ತಿರುಗಿ ಗೆದ್ದನು. ದೊರೆಗಳು ಬದಲಾದುದರಿಂದ ಊರು ಬಡವಾಯಿತು, ನಿಜ. ಆದರೆ ದೊಡ್ಡ ಪೆಟ್ಟು ಬಿದ್ದುದು, ಶ್ರೀರಂಗಪಟ್ಟಣದ ಬಳಿಯ ಹೊಸ ಪೇಟೆಯಾದ ಗಂಜಾಮನ್ನು ತುಂಬಿಸಲು ಟೀಪುವು ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದಾಗ. ಹೊತ್ತುಕೊಂಡು ಹೋಗಬಹುದಾದ ಐಶ್ವರ್ಯವೆಂದರೆ ಕೈಕಸುಬು; ಅದು ಕಸುಬುದಾರನೊಡನೆಯೇ ಹೊರಟುಹೋಗುವುದು.

ದೂರದ ಮೊರಾಕೋ ದೇಶದ ಫೆಸ್ ನಗರದ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಎಂಟನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಆ ಪಟ್ಟಣವು 1912ರಲ್ಲಿ ಫ್ರೆಂಚರ ಆಳ್ವಿಕೆ ಬಂದಾಗ ರಾಜಧಾನಿಯ ಪದವಿಯನ್ನು ರಬಾತಿಗೆ ಬಿಟ್ಟುಕೊಡಬೇಕಾಯಿತು. ಆದರೂ ಅದರ ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಚರ್ಮ ಹದಮಾಡುವವರೂ ತಾಮ್ರದ ಪಾತ್ರೆ ಬಡಿಯುವವರೂ ಇಂದಿಗೂ ದುಡಿಯುತ್ತಿರುವರು. 1981ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಫೆಸ್ ಕಳೆದುಕೊಂಡುದು ಸಿಂಹಾಸನವನ್ನು. ಶಿರಾ ಕಳೆದುಕೊಂಡುದು ಸಿಂಹಾಸನವನ್ನೂ ಜನರನ್ನೂ.

ಶಿರಾ ಹಾಗೆಂದು ಅಳಿದುಹೋಗಲಿಲ್ಲ. ಈಗ ಅದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಕೇಂದ್ರ. ಹೆದ್ದಾರಿಯ ಮೇಲಿನ ವ್ಯಾಪಾರದ ಊರು. ಆದರೆ ಮಸೀದಿಯ ಕಲ್ಲುಗಳನ್ನು ಮೆಚ್ಚುವ ಪ್ರವಾಸಿಯು ಒಂದು ಮಾತನ್ನು ಮರೆಯಬಾರದು. ಕಲ್ಲುಗಳನ್ನು ಕಾಯುವುದಕ್ಕೆ ಸರಕಾರದ ಕಾವಲು ಸಾಕು. ಊರನ್ನು ಕಾಯುವುದಕ್ಕೆ ಅಲ್ಲಿಯೇ ಬಾಳಿ ಬದುಕುವ ಮನೆಮಂದಿ ಬೇಕು.