ಅಡುಗೆ ಎಣ್ಣೆಯಲ್ಲಿನ ರಾಸಾಯನಿಕ ಮಾಲಿನ್ಯಕಾರಕಗಳು

ಎಣ್ಣೆಕಾಳು ಬೆಳೆಯುವಾಗ, ಎಣ್ಣೆ ಸಂಸ್ಕರಿಸುವಾಗ ಅಥವಾ ಕರಿಯುವಾಗ ಎಣ್ಣೆಯಲ್ಲಿ ಸೇರಿ, ಆಹಾರದ ಮೂಲಕ ದೇಹವನ್ನು ತಲುಪುವ ಹಾನಿಕಾರಕ ವಸ್ತುಗಳನ್ನು ಅಡುಗೆ ಎಣ್ಣೆಯ ರಾಸಾಯನಿಕ ಮಾಲಿನ್ಯಕಾರಕಗಳು ಎನ್ನುತ್ತಾರೆ.

ಕಾಳಿನಿಂದ ಬರುವವು

ನಂಗಲಿ ಇರುವ ಮುಳಬಾಗಿಲು ತಾಲ್ಲೂಕು ಸೇರಿದಂತೆ ಕೋಲಾರ ಜಿಲ್ಲೆಯಲ್ಲಿ ಕಡಲೆಕಾಯಿಯನ್ನು ಮಳೆಯಾಶ್ರಯದಲ್ಲಿ ಬೆಳೆಯುತ್ತಾರೆ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಅಥವಾ ಕಿತ್ತ ಕಾಯಿ ಸರಿಯಾಗಿ ಒಣಗದಿದ್ದರೆ, ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಇದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಅಡುಗೆಯ ಕಾವಿಗೆ ಪೂರ್ಣವಾಗಿ ನಾಶವಾಗುವುದಿಲ್ಲ. ಗಾಣದಲ್ಲಿ ಇದರ ಹೆಚ್ಚಿನ ಭಾಗ ಹಿಂಡಿಯಲ್ಲಿ ಉಳಿದು, ಸ್ವಲ್ಪ ಭಾಗ ಎಣ್ಣೆಗೆ ಇಳಿಯುತ್ತದೆ. ಅಂತಹ ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಕಂಡುಬರುತ್ತದೆ.

ಸಂಸ್ಕರಣೆ ಮತ್ತು ಕರಿಯುವಿಕೆ

ಕ್ಷಾರದಿಂದ ಶುದ್ಧೀಕರಿಸಿ ಬಣ್ಣ ತೆಗೆದಾಗ ಅಫ್ಲಾಟಾಕ್ಸಿನ್ ಬಹುಪಾಲು ಹೋಗುತ್ತದೆ. ಆದರೆ ವಾಸನೆ ನೀಗಿಸಲು ಎಣ್ಣೆಯನ್ನು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸುವಾಗ 3-ಎಂಸಿಪಿಡಿ ಮತ್ತು ಗ್ಲಿಸಿಡೈಲ್ ಎಸ್ಟರ್‌ಗಳು ಉಂಟಾಗುತ್ತವೆ. ಇವು ತಾಳೆ ಎಣ್ಣೆಯಲ್ಲಿ ಹೆಚ್ಚು. ಆದ್ದರಿಂದ ಗಾಣದ ಎಣ್ಣೆಯಾಗಲಿ, ರಿಫೈನ್ಡ್ ಎಣ್ಣೆಯಾಗಲಿ ತಯಾರಿಕೆಯ ವಿಧಾನದಿಂದಲೇ ಸುರಕ್ಷಿತವೆನಿಸುವುದಿಲ್ಲ. ಒಂದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದಾಗ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಇವು ಶೇ. 25ನ್ನು ಮೀರಿದ ಎಣ್ಣೆಯನ್ನು ಬಳಸುವುದನ್ನು ಭಾರತದಲ್ಲಿ 2018ರ ಜುಲೈ 1ರಿಂದ ನಿಷೇಧಿಸಲಾಗಿದೆ.

ಸೇವನೆಯ ಪ್ರಮಾಣ ಮತ್ತು ತಡೆ

ಎಣ್ಣೆಯಲ್ಲಿರುವ ಕಲ್ಮಶದ ಸಾಂದ್ರತೆಯನ್ನು ದಿನನಿತ್ಯ ಸೇವಿಸುವ ಎಣ್ಣೆಯ ಪ್ರಮಾಣದಿಂದ ಗುಣಿಸಿ, ದೇಹದ ತೂಕದಿಂದ ಭಾಗಿಸಿ ಸೇವನೆಯನ್ನು ಅಂದಾಜಿಸುತ್ತಾರೆ. ತೂಕ ಕಡಿಮೆಯಿರುವ ಮಕ್ಕಳಲ್ಲಿ ಅಷ್ಟೇ ಎಣ್ಣೆಯಿಂದ ಅಪಾಯ ಹೆಚ್ಚು. ಕಾಯಿಯನ್ನು ಬೇಗ ಒಣಗಿಸುವುದು, ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಬೀಜಗಳನ್ನು ಗಾಣಕ್ಕೆ ಹಾಕುವ ಮೊದಲೇ ಆರಿಸಿ ತೆಗೆಯುವುದು ಅಫ್ಲಾಟಾಕ್ಸಿನ್ ತಡೆಯ ಮುಖ್ಯ ಕ್ರಮಗಳು.