ಎಸ್ಟೇಟಿಗೆ ಹೋದವರ ಕಾಗದಗಳು

ಸಂಘದ ಇಪ್ಪತ್ತೈದು ವರ್ಷಗಳ ಷೇರು, ಸಾಲ, ಠೇವಣಿಗಳ ವಿವರವನ್ನು ಮಾನ್ಯ ಸದಸ್ಯರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ನೋಡಬಹುದು. ಅದೆಲ್ಲ ಲೆಡ್ಜರಿನಲ್ಲಿ ಭದ್ರವಾಗಿದೆ, ವರ್ಷಾವರ್ಷ ಆಡಿಟ್ಟೂ ಆಗಿದೆ. ಆದರೆ ಸಂಘ ಹುಟ್ಟುವ ಮೊದಲು ನಮ್ಮ ಜನ ಭೋಗ್ಯಕ್ಕೆ ಹಾಕಿದ್ದ ಹೊಲ ಬಿಡಿಸಿಕೊಂಡದ್ದು ಹೇಗೆ, ಹೆಣ್ಣುಮಕ್ಕಳ ಮದುವೆ ಮಾಡಿದ್ದು ಯಾವ ದುಡ್ಡಿನಲ್ಲಿ, ಮಳೆ ಕೈಕೊಟ್ಟ ವರ್ಷ ಎತ್ತು ಮಾರದೆ ಉಳಿಸಿಕೊಂಡದ್ದು ಹೇಗೆ? ಈ ಲೆಕ್ಕಕ್ಕೆ ಲೆಡ್ಜರಿಲ್ಲ. ಎಲ್ಲಾದರೂ ಇದ್ದರೆ ಅದು ನಮ್ಮ ನಮ್ಮ ಮನೆಗಳ ಜಂತೆಗೆ ನೇತುಹಾಕಿದ ತಂತಿಯಲ್ಲಿ, ಆ ತಂತಿಗೆ ಚುಚ್ಚಿಟ್ಟ ಕಾರ್ಡು, ಇನ್‌ಲ್ಯಾಂಡ್ ಲೆಟರು, ಮನಿಯಾರ್ಡರ್ ಚೀಟಿಗಳಲ್ಲಿ ಇದೆ. ಈಚೆಗೆ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸುವ ಭರಾಟೆಯಲ್ಲಿ ಎಷ್ಟೋ ತಂತಿಗಳು ಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತಿ ಹೋದವು. ಉಳಿದವುಗಳ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಈ ಲೇಖನ.

ಗುಂಡ್ಲುಪೇಟೆಯಿಂದ ಎರಡು ರಸ್ತೆ ಕಾಡಿನೊಳಕ್ಕೆ ಹೋಗುತ್ತವೆ. ಒಂದು ಬಂಡೀಪುರ, ತೆಪ್ಪಕಾಡಿನ ಮೇಲೆ ಗೂಡಲೂರು, ಊಟಿಗೆ. ಇನ್ನೊಂದು ಮುತ್ತಂಗದ ಮೇಲೆ ಸುಲ್ತಾನ್ ಬತ್ತೇರಿಗೆ. ಗೂಡಲೂರಾಗಲಿ ಬತ್ತೇರಿಯಾಗಲಿ ಅರವತ್ತು ಕಿಲೋಮೀಟರ್ ಒಳಗೇ. ಆ ಕಡೆ ಮಳೆ ಸುರಿಯುವ ನಾಡು, ಈ ಕಡೆ ನಮ್ಮದು ಮಳೆ ನೋಡಿಕೊಂಡು ಬದುಕುವ ನಾಡು. ಜೋಳ, ರಾಗಿ, ಹುರುಳಿ ಕೈಗೆ ಬಂದರೆ ಬಂತು, ಇಲ್ಲದಿದ್ದರೆ ಮೇಸ್ತ್ರಿಯ ದಾರಿ ಕಾಯುವುದು. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರದ ಬರ ಈ ಸೀಮೆಯ ಬೆನ್ನೆಲುಬು ಮುರಿಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ದರು, 1881ರ ಗಣತಿಗೆ 42 ಲಕ್ಷದ ಹತ್ತಿರಕ್ಕೆ ಇಳಿದರು. ಅದೇ ಕಾಲಕ್ಕೆ ವೈನಾಡು, ನೀಲಗಿರಿ, ಕೊಡಗಿನ ಬೆಟ್ಟಗಳಲ್ಲಿ ಬಿಳಿಯರ ತೋಟಗಳು ಆಳು ಹುಡುಕುತ್ತಿದ್ದವು. 1879ರ ಸುಮಾರಿಗೆ ದೇವಾಲ, ಪಂದಲೂರಿನಲ್ಲಿ ಚಿನ್ನ ಸಿಕ್ಕುತ್ತದೆಂದು ವಿಲಾಯತಿ ಕಂಪನಿಗಳು ಬಂದು ಬಿದ್ದವು. ಮೂರು ನಾಲ್ಕು ವರ್ಷದಲ್ಲಿ ಚಿನ್ನದ ಮಾತು ಮುಗಿಯಿತು, ಕಾಫಿಗೆ ರೋಗ ಬಂತು, ಆಮೇಲೆ ಟೀ ಬೆಳೆ ಹಬ್ಬಿತು.

ಕಾಫಿಗೂ ಟೀಗೂ ಇರುವ ವ್ಯತ್ಯಾಸ ನಮ್ಮ ಮನೆಗಳ ಚರಿತ್ರೆಯಲ್ಲಿ ದೊಡ್ಡದು. ಕಾಫಿ ಹಣ್ಣು ಬಿಡಿಸುವುದು ನಾಲ್ಕು ತಿಂಗಳ ಕೆಲಸ, ಮುಗಿಸಿ ಊರಿಗೆ ಬಂದು ಆರು ಕಟ್ಟಬಹುದು. ಟೀ ಚಿಗುರು ವರ್ಷವೆಲ್ಲಾ ಬರುತ್ತದೆ, ಅದಕ್ಕೆ ಹೋದವನು ಲೈನು ಮನೆಯಲ್ಲೇ ಸಂಸಾರ ಹೂಡಬೇಕು. ಮೇಸ್ತ್ರಿಯಿಂದ ಮುಂಗಡ ತಿಂದವನು ಕೆಲಸ ಬಿಟ್ಟು ಓಡಿದರೆ 1859ರ ಕಾಯಿದೆ ಪ್ರಕಾರ ಮೂರು ತಿಂಗಳವರೆಗೆ ಜೈಲಿಗೆ ಹಾಕಬಹುದಾಗಿತ್ತು. ಅದನ್ನು ತೆಗೆದುಹಾಕಲು 1925ರವರೆಗೆ ಕಾಯಬೇಕಾಯಿತು. ತೋಟದ ಆಳುಗಳಿಗೆ ಮನೆ, ನೀರು, ಆಸ್ಪತ್ರೆ ಕೊಡಲೇಬೇಕೆಂದು ಕಾನೂನು ಬಂದದ್ದು 1951ರಲ್ಲಿ. ಅರವತ್ತು ಕಿಲೋಮೀಟರ್ ದೂರದಲ್ಲಿ ಮಗ ಇದ್ದರೂ ವರ್ಷಕ್ಕೊಮ್ಮೆ ಮುಖ ನೋಡುವುದು ಕಷ್ಟವಾಗಿತ್ತು. ಒಂದು ದಿನ ತಪ್ಪಿದರೆ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಆದ್ದರಿಂದ ಕಾಗದ.

ಅಂಚೆಯ ವಿಷಯದಲ್ಲಿ ನಮ್ಮ ತಾಲ್ಲೂಕಿಗೆ ಒಂದು ಹಳೇ ನಂಟಿದೆ. ಮೈಸೂರು ಸಂಸ್ಥಾನದಲ್ಲಿ ಅಂಚೆ ವ್ಯವಸ್ಥೆ ತಂದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಅವರು ಪಟ್ಟಕ್ಕೆ ಬರುವ ಮೊದಲು ಬಹಳ ಕಾಲ ಕಾವಲಿನಲ್ಲಿ ಕಳೆದದ್ದು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ. ಅವರ ಅಂಚೆಯವರು ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸುತ್ತಿದ್ದರಂತೆ. ಊರ ಸುದ್ದಿ ಸಿಗದೆ ಕುಳಿತವರಿಗೆ ಸುದ್ದಿಯ ಬೆಲೆ ಗೊತ್ತಿರುತ್ತದೆ ಎಂದು ನನಗೆ ಅನ್ನಿಸುವುದುಂಟು. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅಷ್ಟರಲ್ಲಿ 1879ರಲ್ಲಿ ಕಾಲಾಣೆ ಕಾರ್ಡು, 1880ರಲ್ಲಿ ಮನಿಯಾರ್ಡರು ಬಂದಿದ್ದವು. ಬಡವರ ಮನೆಗೆ ಅಂಚೆಯವನು ಕಾಲಿಟ್ಟದ್ದು ಈ ಎರಡರಿಂದಲೇ.

ಈಗ ಕಾಗದಗಳನ್ನೇ ನೋಡೋಣ. ಎಲ್ಲವೂ ಒಂದೇ ಥರ ಶುರುವಾಗುತ್ತವೆ. ತೀರ್ಥರೂಪು ತಂದೆಯವರಿಗೆ ಬೇಡುವ ಆಶೀರ್ವಾದಗಳು, ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು, ಅದಾಗಿ ತಿಳಿಸುವುದೇನೆಂದರೆ. ಓದಿದವರು ಇದನ್ನು ನೋಡಿ ನಗುತ್ತಾರೆ. ಆದರೆ ಬರೆಸಿದವನಿಗೆ ಅಕ್ಷರ ಬರುತ್ತಿರಲಿಲ್ಲ, ಬರೆದವನು ಎಸ್ಟೇಟಿನ ರೈಟರೋ ಪೋಸ್ಟಾಫೀಸಿನ ಜಗುಲಿಯ ಮೇಲೆ ಕೂತವನೋ. ಇತ್ತ ಓದಿ ಹೇಳುವವನು ಪೋಸ್ಟ್‌ಮನ್ನು, ಇಲ್ಲವೇ ನಮ್ಮಂಥ ಇಸ್ಕೂಲು ಹುಡುಗರು. ಜಗುಲಿಯ ತುಂಬ ಜನ ಕೇಳಿಸಿಕೊಳ್ಳುತ್ತಿದ್ದರು. ಹೀಗೆ ನಾಲ್ಕು ಜನರ ಬಾಯಿ ಕಿವಿ ದಾಟುವ ಕಾಗದದಲ್ಲಿ ಗಂಡ ಹೆಂಡತಿಗೆ ಏನು ತಾನೇ ಹೇಳಿಯಾನು? ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಬರುತ್ತೇನೆ ಎಂದು ಬರೆಸಿದ್ದರೆ ಅದರಲ್ಲೇ ಎಲ್ಲ ಬಂತು. ಆಷಾಢದಲ್ಲಿ ದೂರ ಇಟ್ಟ ಹೊಸ ಗಂಡಹೆಂಡಿರು ಆ ತೇರಿನಲ್ಲಿ ಸೇರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ.

ಉಳಿದದ್ದೆಲ್ಲ ಸಣ್ಣ ಸುದ್ದಿ. ಹಸ ಈದದ, ಹೆಣ್ಗರು. ಮಳ ಬಂದಿಲ್ಲ, ಜೋಳ ಒಣಗ್ತಾ ಅದ. ಅರಿಶಿನಕ್ಕೆ ಈ ಸಲ ರೇಟಿಲ್ಲ. ಮಗೀಗೆ ಚಳಿಜ್ವರ, ಎಸ್ಟೇಟ್ ಆಸ್ಪತ್ರೇಲಿ ಮಾತ್ರೆ ಕೊಟ್ಟವರ. ದೊಡ್ಡೋರ ಚರಿತ್ರೆ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಆದರೆ ಯಾವ ವರ್ಷ ನಮ್ಮೂರಿನ ಕೆರೆ ಕೋಡಿ ಬಿತ್ತು, ಯಾವ ವರ್ಷ ಒಣಗಿತ್ತು ಎಂಬುದನ್ನು ಒಂದು ಮನೆಯ ತಂತಿಯಿಂದ ಮಳೆ ಲೆಕ್ಕದ ಹಾಗೆ ಹೇಳಬಹುದು.

ಇನ್ನು ಮನಿಯಾರ್ಡರು. ಅದರ ಫಾರಂನಲ್ಲಿ ಕೆಳಗೆ ಒಂದು ಕೂಪನ್ ಇರುತ್ತಿತ್ತು, ನಾಲ್ಕು ಸಾಲು ಬರೆಯುವಷ್ಟು ಜಾಗ. ಕಾರ್ಡಿನ ಖರ್ಚೂ ಉಳಿಯಲಿ ಎಂದು ಜನ ಅದರಲ್ಲೇ ಸುದ್ದಿ ತುರುಕುತ್ತಿದ್ದರು. ಇಷ್ಟು ಬಡ್ಡಿಗೆ, ಇಷ್ಟು ಗೌರಿ ಹಬ್ಬಕ್ಕೆ, ಉಳಿದದ್ದು ಅವ್ವನ ಕೈಗೆ. ಕೂಪನ್ ದುಡ್ಡು ಪಡೆದವರ ಹತ್ತಿರ ಉಳಿಯುತ್ತಿತ್ತು. ದುಡ್ಡು ಪಡೆದವರ ರುಜು ಅಥವಾ ಹೆಬ್ಬೆಟ್ಟು ಬಿದ್ದ ಸ್ವೀಕೃತಿ ಚೀಟಿ ಕಳಿಸಿದವರಿಗೆ ವಾಪಸು ಬರುತ್ತಿತ್ತು. ಇದನ್ನು ನೆನಪಿಡಬೇಕು. ತಂತಿಯಲ್ಲಿ ಕೂಪನ್ ಇದ್ದರೆ ಆ ಮನೆಗೆ ದುಡ್ಡು ಬಂದಿದೆ, ಸ್ವೀಕೃತಿ ಇದ್ದರೆ ಆ ಮನೆಯಿಂದ ದುಡ್ಡು ಹೋಗಿದೆ.

ಒಂದು ಜಾತಿಯ ಕಾಗದ ಮಾತ್ರ ಯಾವ ತಂತಿಯಲ್ಲೂ ಇರುವುದಿಲ್ಲ. ಮದುವೆ ಕಾಗದದ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಿದ್ದರು, ಅದನ್ನು ದೇವರ ಗೂಡಿನಲ್ಲಿ ಇಡುತ್ತಿದ್ದರು. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು, ಅದು ಮನೆಯಲ್ಲಿ ಇರಬಾರದು. ಹಾಗಾಗಿ ನಮ್ಮ ತಂತಿಗಳಲ್ಲಿ ಹುಟ್ಟು, ಮದುವೆ, ಮಳೆ, ಬೆಳೆ ಎಲ್ಲ ಉಂಟು, ಸಾವು ಇಲ್ಲ. ಅದನ್ನು ಇಲ್ಲದ ಜಾಗದಲ್ಲೇ ಓದಬೇಕು.

ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ನಮ್ಮ ಚಿಕ್ಕಪ್ಪ ಗೂಡಲೂರಿನ ಆಚೆ ಟೀ ಎಸ್ಟೇಟಿಗೆ ಹೋದವರು. ಅಲ್ಲೇ ಮನೆ ಮಾಡಿಕೊಂಡು ತಾಯಿಯನ್ನು ಮರೆತ ಮಗ ಎಂದೇ ನಾವು ಮಕ್ಕಳು ಕೇಳಿ ಬೆಳೆದದ್ದು. ನಮ್ಮಜ್ಜಿ ಮಾತ್ರ ಸಾಯುವ ತನಕ ‘ಬತ್ತನ ಕಣ, ಹಬ್ಬಕ್ಕ ಬತ್ತನ’ ಎನ್ನುತ್ತಿತ್ತು. ಹಳೇ ಮನೆ ಬಿಚ್ಚಿದಾಗ ತಂತಿ ಸಿಕ್ಕಿತು. ತಳದಲ್ಲಿ ಆಣೆ ಕಾಲದ ಕಾರ್ಡುಗಳು. ಅದರ ಮೇಲೆ ಚಿಕ್ಕಪ್ಪನ ಮನಿಯಾರ್ಡರ್ ಕೂಪನ್ನುಗಳು, ಒಂದರ ಮೇಲೊಂದು. ನಯೇ ಪೈಸೆ ಕಾರ್ಡುಗಳ ನಡುವೆ ಅವು ನಿಂತುಹೋಗುತ್ತವೆ. ಅಲ್ಲಿಂದ ಮೇಲೆ ಇರುವುದು ಸ್ವೀಕೃತಿ ಚೀಟಿಗಳು, ಪ್ರತಿ ಸುಗ್ಗಿಗೂ ಒಂದೊಂದು. ಕಳಿಸಿದವರು ನಮ್ಮ ತಂದೆ. ಪಡೆದದ್ದು ಚಿಕ್ಕಮ್ಮ, ಎಡಗೈ ಹೆಬ್ಬೆಟ್ಟು. ಅವುಗಳ ನಡುವೆ ಚಿಕ್ಕಮ್ಮ ಬರೆಸಿದ ಒಂದು ಕಾರ್ಡು, ಅತ್ತೆಯವರಿಗೆ ನಮಸ್ಕಾರ, ಮಕ್ಕಳು ಚೆನ್ನಾಗಿವೆ ಎಂದು. ಮುಂಚಿನ ಕಾರ್ಡುಗಳಲ್ಲಿ ಅವರ ಹೆಸರಿನ ಹಿಂದೆ ‘ಸೌ||’ ಇತ್ತು. ಇದರಲ್ಲಿ ಇಲ್ಲ.

ಆ ಕಾರ್ಡಿನ ವಿಳಾಸ ಹಿಡಿದು ನಮ್ಮ ತಮ್ಮನ ಮಗ ಗೂಡಲೂರಿಗೆ ಹೋಗಿ ಬಂದ. ಲೈನು ಮನೆಯಲ್ಲಿ ಬೇರೆ ಜನ ಇದ್ದರು. ಅಲ್ಲಿಯ ಹಳಬರೊಬ್ಬರು ಹೇಳಿ, ಚಿಕ್ಕಪ್ಪನ ಮಗಳು ಪಂದಲೂರು ಕಡೆ ಇರುವುದು ತಿಳಿಯಿತು. ಆಕೆಯ ಹತ್ತಿರವೂ ಒಂದು ಕಟ್ಟು ಕಾಗದ ಇತ್ತು, ಎಲ್ಲ ನಮ್ಮೂರಿಂದ ಹೋದವು. ಆಕೆ ಓದಿದ್ದು ತಮಿಳು ಇಸ್ಕೂಲಿನಲ್ಲಿ. ಮಾತು ನಮ್ಮ ಮಾತೇ, ಅಕ್ಷರ ಬಾರದು. ತಾಯಿ ಇಟ್ಟುಕೊಂಡಿದ್ದ ಕಾಗದ ಎಂದು ಬಿಸಾಡದೆ ಇಟ್ಟಿದ್ದಳು. ಆಕೆಯ ಮಗ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದ, ನಾನು ಫೋನಿನಲ್ಲಿ ಒಂದೊಂದಾಗಿ ಓದಿ ಹೇಳಿದೆ. ಹಸು ಈದದ್ದು, ಮಳೆ ಬಂದದ್ದು, ನಮ್ಮಕ್ಕ ದೊಡ್ಡವಳಾದದ್ದು. ನಡುವೆ ಒಂದು ಇನ್‌ಲ್ಯಾಂಡ್ ಲೆಟರು, ನಮ್ಮ ತಂದೆಯ ಕೈಬರಹ. ತಮ್ಮ ಹೋದ ಸುದ್ದಿಯನ್ನು ಅವ್ವನಿಗೆ ಹೇಳಿಲ್ಲ, ಹೇಳಿದರೆ ಅವ್ವ ಉಳಿಯುವುದಿಲ್ಲ, ಮುನಿಸಿಕೊಂಡು ಕಾಗದ ಹಾಕುತ್ತಿಲ್ಲ ಎಂದು ಹೇಳಿದ್ದೇನೆ, ನೀನೂ ಬರೆಸುವಾಗ ಹುಷಾರು, ದುಡ್ಡು ನಾನು ಕಳಿಸುತ್ತೇನೆ ಎಂದು ಅದರಲ್ಲಿತ್ತು. ಆ ಕಡೆ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಅಣ್ಣ, ಇನ್ನೊಂದ್ಸಲ ಓದಣ್ಣ’ ಅಂದಳು.

ನಮ್ಮ ತಂದೆ ಈ ವಿಷಯವನ್ನು ನಮ್ಮಲ್ಲಿ ಯಾರಿಗೂ ಹೇಳದೆ ಹೋದರು. ಅಜ್ಜಿಯೂ ಹೋಗಿ, ಗುಟ್ಟಿಗೆ ಕಾರಣವೇ ಇಲ್ಲದೆ ಹೋದ ಮೇಲೂ ಚಿಕ್ಕಪ್ಪನ ಮೇಲಿನ ಅಪವಾದ ಹಾಗೇ ನಿಂತಿತ್ತು. ತಂತಿಯ ಅರ್ಧ ಇಲ್ಲಿ, ಅರ್ಧ ಅಲ್ಲಿ. ಎರಡೂ ಸೇರದೆ ಅರ್ಥವಾಗುವುದಿಲ್ಲ.

ಇಂಥ ಸಂಸಾರಗಳು ನಮ್ಮ ಸದಸ್ಯರಲ್ಲಿ ಇನ್ನೆಷ್ಟೋ ಇರಬೇಕು. ಬೆಂಗಳೂರಿಗೆ, ಮುಂಬಯಿಗೆ, ಸಮುದ್ರದಾಚೆಗೆ ಹೋದವರ ಕಾಗದಗಳೂ ಇದ್ದಾವು. ಓದಿ ಮುಂದೆ ಬಂದವರು ಊರನ್ನು ಇನಿಷಿಯಲ್ಲಿನಲ್ಲಿ ಹೊತ್ತುಕೊಂಡು ಹೋದರು, ಜಿ.ಪಿ. ರಾಜರತ್ನಂ ಅವರ ಹೆಸರಿನ ‘ಜಿ’ ನಮ್ಮ ಗುಂಡ್ಲುಪೇಟೆ. ಎಸ್ಟೇಟಿಗೆ ಹೋದವರು ಮೇಸ್ತ್ರಿಯ ಆಳುಗಳಾಗಿ ಉಳಿದರು, ಊರಿನ ಹೆಸರು ಉಳಿದದ್ದು ಕಾಗದದ ವಿಳಾಸದಲ್ಲಿ ಮಾತ್ರ. ಈಗಿನವರು ಮೊಬೈಲಿನಲ್ಲಿ ದಿನಾ ಮಾತಾಡುತ್ತಾರೆ, ಒಳ್ಳೆಯದೇ, ಆದರೆ ಆಡಿದ ಮಾತು ಜಂತೆಗೆ ನೇತಾಡುವುದಿಲ್ಲ. ಟೆಲಿಗ್ರಾಂ 2013ರ ಜುಲೈಯಲ್ಲಿ ನಿಂತೇಹೋಯಿತು.

ತಾರೀಖು ಇಲ್ಲದ ಕಾಗದ ಸಿಕ್ಕರೆ ಗಾಬರಿಯಾಗಬೇಡಿ. ಸೀಲು ಅಳಿಸಿದ್ದರೂ ವಿಳಾಸ ಹೇಳುತ್ತದೆ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಹಿಂದಿನದು, ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರ ಸುಮಾರಿನವರೆಗಿನದು. ಇನ್‌ಲ್ಯಾಂಡ್ ಲೆಟರು ಬಂದದ್ದೇ 1950ರ ಅಕ್ಟೋಬರ್‌ನಲ್ಲಿ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು, ಗುಂಡ್ಲುಪೇಟೆಗೆ 571111, ಚಾಮರಾಜನಗರಕ್ಕೆ 571313. ‘ಮೈಸೂರು ರಾಜ್ಯ’ 1973ರ ನವೆಂಬರ್‌ಗೆ ಮುಗಿಯಿತು, ‘ಮದರಾಸು ರಾಜ್ಯ’ 1969ಕ್ಕೆ. ಕೊಳ್ಳೇಗಾಲದ ಬೀಗರ ಕಾಗದದಲ್ಲಿ ಕೊಯಮತ್ತೂರು ಜಿಲ್ಲೆ ಎಂದು ಕಂಡರೆ ಅದು 1956ಕ್ಕೆ ಹಿಂದಿನದು. ನಮ್ಮದು ಮೈಸೂರು ಜಿಲ್ಲೆಯಾಗಿದ್ದದ್ದು 1997ರ ಆಗಸ್ಟ್‌ವರೆಗೆ. ಆದರೆ ಹಳಬರು ರೂಢಿಯ ಮೇಲೆ ಹಳೇ ಹೆಸರನ್ನೇ ಬರೆಯುತ್ತಿದ್ದರು, ಒಂದೇ ಗುರುತನ್ನು ನಂಬಬೇಡಿ, ಎರಡು ಮೂರು ಕೂಡಿಸಿ ನೋಡಿ.

ಗೆದ್ದಲು ಹಿಡಿದ ಕಾಗದವನ್ನು ಬಿಸಿಲಿಗೆ ಹಾಕಬಾರದು, ನೆರಳಲ್ಲಿ ಒಣಗಿಸಿ. ಅಂಟಿಕೊಂಡ ಇನ್‌ಲ್ಯಾಂಡ್ ಲೆಟರನ್ನು ಎಳೆದು ಬಿಡಿಸಬೇಡಿ. ಫೋಟೋ ತೆಗೆದುಕೊಂಡು ಕಾಗದ ಅವರವರ ಮನೆಯಲ್ಲೇ ಇಟ್ಟುಕೊಳ್ಳಬಹುದು. ಯಾರಾದರೂ ಸಂಘದ ಕಚೇರಿಗೆ ತರುವುದಾದರೆ ತಂತಿ ಸಮೇತ ತನ್ನಿ, ಚುಚ್ಚಿದ್ದನ್ನು ಬಿಚ್ಚಿ ಜೋಡಿಸಿ ಚೊಕ್ಕಟ ಮಾಡಬೇಡಿ. ತಳದ್ದು ಮೊದಲು ಬಂದದ್ದು, ಮೇಲಿನದು ಕೊನೆಗೆ ಬಂದದ್ದು.