ಹಣ್ಣಿನ ಹಿಪ್ಪೆಯಿಂದ ಪೆಕ್ಟಿನ್

ಜಾಮ್, ಜೆಲ್ಲಿಗಳನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್, ಸಸ್ಯಗಳ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಅಂಟು. ಫ್ರಾನ್ಸಿನ ರಸಾಯನ ವಿಜ್ಞಾನಿ ವೋಕ್ಲಾನ್ 1790ರಲ್ಲಿ ಈ ಲೋಳೆಯನ್ನು ಗಮನಿಸಿದ್ದು ನಮಗೆ ಚಿರಪರಿಚಿತವಾದ ಹುಣಸೆಹಣ್ಣಿನಲ್ಲಿ. 1825ರಲ್ಲಿ ಅದೇ ದೇಶದ ಬ್ರಾಕೊನೊ ಅದನ್ನು ಬೇರ್ಪಡಿಸಿ ಹೆಸರಿಟ್ಟ.

ಉದ್ಯಮ ಶುರುವಾದದ್ದು ಬಹಳ ತಡವಾಗಿ. ಜರ್ಮನಿಯ ಸೇಬಿನ ರಸದ ತಯಾರಕರು 1908ರ ಸುಮಾರಿಗೆ, ರಸ ಹಿಂಡಿ ಉಳಿದ ಹಿಪ್ಪೆಯನ್ನು ಒಣಗಿಸಿ ಬೇಯಿಸಿ ಪೆಕ್ಟಿನ್ ತೆಗೆಯತೊಡಗಿದರು. ಅಮೆರಿಕದಲ್ಲಿ ರಾಬರ್ಟ್ ಡಗ್ಲಸ್ 1913ರಲ್ಲಿ ಪೇಟೆಂಟ್ ಪಡೆದ. ಮನೆಯಲ್ಲೇ ಜಾಮ್ ಮಾಡುವವರಿಗೆ ಪೆಕ್ಟಿನ್ ಮಾರುವ ವ್ಯಾಪಾರವೂ ಬೆಳೆಯಿತು. ಆನ್ ಫ್ರಾಂಕಳ ತಂದೆ ಒಟ್ಟೊ ಫ್ರಾಂಕ್ 1933ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆಸತೊಡಗಿದ್ದು ಇಂಥದೇ ಕಂಪನಿ. ಒಣಗಿದ ಸೇಬಿನ ಹಿಪ್ಪೆಯಲ್ಲಿ ಶೇ. 10ರಿಂದ 15ರಷ್ಟು ಪೆಕ್ಟಿನ್ ಇದ್ದರೆ ನಿಂಬೆ, ಕಿತ್ತಳೆ ಜಾತಿಯ ಸಿಪ್ಪೆಯಲ್ಲಿ ಶೇ. 20ರಿಂದ 30ರಷ್ಟಿದೆ. ಹೀಗಾಗಿ ಕ್ರಮೇಣ ಸಿಪ್ಪೆಗೇ ಬೇಡಿಕೆ ಹೆಚ್ಚಿತು.

ಬರೀ ನೀರಿನಲ್ಲಿ ಬೇಯಿಸಿದರೆ ಕೈಗೆ ಬರುವುದು ಸ್ವಲ್ಪ; ಹೆಚ್ಚಿನ ಪಾಲು ಕರಗದ ರೂಪದಲ್ಲಿ ಕೋಶದ ಗೋಡೆಗೆ ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು ಕಾರ್ಖಾನೆಗಳು ನೈಟ್ರಿಕ್, ಹೈಡ್ರೋಕ್ಲೋರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದ ಮೊರೆಹೊಕ್ಕವು. ಪಿಎಚ್ ಅನ್ನು 1.5ರಿಂದ 3ರ ನಡುವೆ ಇಳಿಸಿ, 60ರಿಂದ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವು ತಾಸು ಇಟ್ಟು, ಸೋಸಿದ ದ್ರಾವಣಕ್ಕೆ ಆಲ್ಕೋಹಾಲ್ ಸುರಿದರೆ ಪೆಕ್ಟಿನ್ ಒಡೆದ ಹಾಲಿನ ಹಾಗೆ ಬೇರೆಯಾಗುತ್ತದೆ. ಈ ಕ್ರಮದ ಖರ್ಚು ಆಮೇಲೆ ಬರುತ್ತದೆ. ಆಮ್ಲ ಪಾತ್ರೆ, ಕೊಳವೆಗಳನ್ನು ತಿನ್ನುತ್ತದೆ. ಹುಳಿ ನೀರನ್ನು ಶುದ್ಧೀಕರಿಸದೆ ಹೊರಬಿಡುವಂತಿಲ್ಲ. ಆಲ್ಕೋಹಾಲನ್ನು ಬಟ್ಟಿಯಿಳಿಸಿ ಮರಳಿ ಪಡೆಯಲು ಇಂಧನ ಬೇಕು. ಹೊತ್ತು ಮೀರಿ ಕಾಯಿಸಿದರೆ ಪೆಕ್ಟಿನ್ನಿನ ಉದ್ದನೆಯ ಸರಪಳಿಯೇ ತುಂಡಾಗಿ ಹೆಪ್ಪುಗಟ್ಟುವ ಗುಣ ಕುಗ್ಗುತ್ತದೆ.

ಜಪಾನಿನ ಸಕಾಯ್ ಮತ್ತು ಒಕುಶಿಮಾ 1980ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆಮ್ಲದ ಕೆಲಸವನ್ನು ಸೂಕ್ಷ್ಮಜೀವಿಗೆ ಒಪ್ಪಿಸಲಾಯಿತು. ಅದರ ಕಿಣ್ವಗಳು 30 ಡಿಗ್ರಿಯಲ್ಲೇ ಪೆಕ್ಟಿನ್ನನ್ನು ಸಿಪ್ಪೆಯಿಂದ ಬಿಡಿಸಿದವು, ಆದರೆ ಅದಕ್ಕೆ 15ರಿಂದ 20 ತಾಸು ಹಿಡಿಯಿತು. ಅಮೆರಿಕದ ಕೃಷಿ ಇಲಾಖೆಯ ಫಿಶ್‌ಮನ್ ಮತ್ತು ಸಂಗಡಿಗರು ಮೈಕ್ರೋವೇವ್ ಬಳಸಿ ಪೆಕ್ಟಿನ್ ಬಿಡಿಸುವ ಹೊತ್ತನ್ನು ಕೆಲವೇ ನಿಮಿಷಗಳಿಗೆ ಇಳಿಸಿದರು. ಅಲ್ಲಿ ಹೊತ್ತು ಉಳಿಯಿತು, ಆಮ್ಲ ತಪ್ಪಲಿಲ್ಲ. ಒತ್ತಡದಲ್ಲಿ 100 ಡಿಗ್ರಿ ಮೀರಿ ಕಾಯಿಸಿದ ನೀರು ತಾನೇ ಆಮ್ಲದ ಕೆಲಸ ಮಾಡಬಲ್ಲದು, ಬಿಸಿ ಅತಿಯಾದರೆ ಮಾತ್ರ ಸರಪಳಿ ಮುರಿಯುವ ಹಳೆಯ ತೊಂದರೆ ಅಲ್ಲೂ ಇದೆ. ಇಟಲಿಯ ಮೆನೆಗುಝೊ, ಚಿರಿಮಿನ್ನಾ, ಪಲ್ಯಾರೊ ಅವರ ತಂಡ ಸಿಸಿಲಿಯ ನಿಂಬೆ, ಕಿತ್ತಳೆ ತ್ಯಾಜ್ಯವನ್ನು ನೀರಿನಲ್ಲಿ ಹರಿಸಿ, ಆ ಹರಿವಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುವ ರಭಸದಿಂದಲೇ ಪೆಕ್ಟಿನ್ ಬಿಡಿಸಿತು. ದ್ರಾವಣವನ್ನು ಮಂಜುಗಟ್ಟಿಸಿ ಒಣಗಿಸುವುದರಿಂದ ಆಲ್ಕೋಹಾಲೂ ಬೇಕಿಲ್ಲ.

ಆಮ್ಲ ಬಿಟ್ಟು ಆಲ್ಕೋಹಾಲ್ ಉಳಿಸಿಕೊಂಡ ವಿಧಾನವನ್ನು ಪರಿಸರಸ್ನೇಹಿ ಎನ್ನುವುದು ಅರ್ಧ ಲೆಕ್ಕ. ಮಾರುಕಟ್ಟೆಗೆ ಬರುವ ಪೆಕ್ಟಿನ್ನಿನ ಬಹುಪಾಲು ಇಂದಿಗೂ ತಯಾರಾಗುವುದು ಬಿಸಿ ಆಮ್ಲದಲ್ಲೇ.